ಪುನರ್ರಚನೆಗೆ ಒಂದೂ ಕಲ್ಲು ಬರಲಿಲ್ಲ

ನನ್ನ ಮೊಮ್ಮಗಳು ಕೆಲಸ ಮಾಡುವ ಕಂಪೆನಿ ಏನನ್ನೋ ಕಟ್ಟಿಸುತ್ತಿದೆ ಎಂದು ನನಗೆ ಮೊದಲು ತಿಳಿದದ್ದು ಬಂಗುಡೆ ಸುತ್ತುವ ಕಾಗದದಿಂದ.

ಆಗ ನಾನು ದಿನಾ ಬೆಳಿಗ್ಗೆ ಗಂಗೊಳ್ಳಿ ಬಂದರಿಗೆ ಹೋಗಿ ಏಲಂನಲ್ಲಿ ಮೀನು ಹಿಡಿದು, ಬುಟ್ಟಿ ಸಮೇತ ಬಸ್ಸು ಹತ್ತಿ, ತ್ರಾಸಿಯ ಮೇಲಿಂದ ಹೆಮ್ಮಾಡಿಗೆ ಬರುತ್ತಿದ್ದೆ. ಹತ್ತಿಪ್ಪತ್ತು ಮನೆಗಳಿಗೆ ಖಾಯಂ ಕೊಟ್ಟು, ಉಳಿದದ್ದನ್ನು ಪೇಟೆಯ ಒಂದು ಮಹಡಿ ಕಟ್ಟಡದ ಮೆಟ್ಟಿಲ ಪಕ್ಕ ಕೂತು ಮಾರುವುದು. ನೆರಳಿದೆ, ಮಳೆಗೆ ಸೂರಿದೆ, ಅದಕ್ಕೇ ಅಲ್ಲಿ ಕೂರುತ್ತೇನೆ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜ ಸಂಗತಿ ಅದಲ್ಲ. ಮೇಲಿನ ಮಹಡಿಯಲ್ಲಿ ನನ್ನ ಮೊಮ್ಮಗಳ ಆಫೀಸು. ಅವಳು ಕೊರಳಿಗೆ ಪಟ್ಟಿ ಹಾಕಿಕೊಂಡು ಆ ಮೆಟ್ಟಿಲು ಇಳಿದು ಬರುವುದನ್ನು ದಿನಕ್ಕೆ ಒಮ್ಮೆಯಾದರೂ ನೋಡದಿದ್ದರೆ ನನಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ತೊಂಬತ್ತೇಳರ ಮಳೆಗಾಲದಲ್ಲಿ ಹುಟ್ಟಿದ ಮಗು ಅದು. ಹುಟ್ಟಿದಾಗ ನಮ್ಮ ಮನೆಯವರ ಅಂಗೈಯಲ್ಲಿ ಕಾಣೆ ಮೀನಿನಷ್ಟೇ ಇತ್ತು. ಅದು ಬೆಳೆದು, ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ, ಗೆಳತಿಯರ ಎದುರು ನನ್ನನ್ನು ತೋರಿಸಿ "ಇದ್ ನಮ್ ಅಮ್ಮಮ್ಮ, ಇವ್ಳ್ ಮೀನ್ ಯಾವತ್ತೂ ಹಳ್ಸಿದ್ದಲ್ಲ" ಎಂದು ಹೇಳಿ, ಬುಟ್ಟಿಗೆ ತಾನೇ ಕೈ ಹಾಕಿ, ಕಿವಿರು ಎತ್ತಿ ನೋಡಿ, ಅವರಿಗೆ ಮೀನು ಆರಿಸಿ ಕೊಡುತ್ತಿತ್ತು. ಅವಳ ತಾಯಿ, ಅಂದರೆ ನನ್ನ ಮಗಳು, ಗೇರುಬೀಜದ ಕಾರ್ಖಾನೆಯಲ್ಲಿ ನೆಲದ ಮೇಲೆ ಕೂತು ಕೆಲಸ ಮಾಡಿದವಳು. ನಾನೂ ನೆಲದ ಮೇಲೆ ಕೂತವಳೇ. ಇವಳಿಗೆ ತಿರುಗುವ ಕುರ್ಚಿ! ಕೆಲಸ ಸಿಕ್ಕಿದ ವಾರ ಆ ಕುರ್ಚಿಯ ಸುದ್ದಿಯನ್ನು ನಾನು ಮೀನು ಕೊಡುವ ಎಲ್ಲ ಮನೆಗಳಿಗೂ ಹೇಳಿ ಮುಗಿಸಿದೆ. ಕೆಲವು ಮನೆಗೆ ಎರಡು ಸಲ.

ಕಂಪೆನಿ ತುಂಬಾ ದೊಡ್ಡದು. ಕಂಪ್ಯೂಟರಿನ ಕಂಪೆನಿ. ಸಮುದ್ರದ ಆಚೆ ಹಲವು ದೇಶಗಳಲ್ಲಿ ಅದಕ್ಕೆ ಕಚೇರಿಗಳಿದ್ದವು. ಹೆಮ್ಮಾಡಿಯದು ಅದರ ಒಂದು ಚೂರು, ಬ್ರಹ್ಮಾವರದಲ್ಲಿ ಇನ್ನೊಂದು ಚೂರು. ಎಲ್ಲಿಯದೋ ಆಸ್ಪತ್ರೆಗಳ ಬಿಲ್ಲುಗಳನ್ನು ನೋಡಿ ಕಂಪ್ಯೂಟರಿಗೆ ಹಾಕುವುದು ಇವರ ಕೆಲಸ. ಅಷ್ಟು ದೊಡ್ಡ ಕಂಪೆನಿ ನಮ್ಮ ಹೆಮ್ಮಾಡಿಗೆ ಯಾಕೆ ಬಂತು ಎಂಬ ಅನುಮಾನ ನನಗೆ ಮೊದಲ ದಿನವೇ ಇತ್ತು. ಆದರೆ ಹುಡುಗಿ ಬೆಳಿಗ್ಗೆ ಹೋಗಿ ಸಂಜೆ ಬೀಜಾಡಿಯ ಮನೆಗೆ ವಾಪಸ್ ಬರುತ್ತಿದ್ದಳಲ್ಲ, ಅನುಮಾನವನ್ನು ಬುಟ್ಟಿಯ ಅಡಿಗೆ ಹಾಕಿ ಮುಚ್ಚಿಟ್ಟಿದ್ದೆ. ಈ ಕೆಲಸ ಇಲ್ಲದಿದ್ದರೆ ಅವಳು ಮುಂಬೈಗೆ ಹೋಗಬೇಕಿತ್ತು. ಅಲ್ಲಿ ಅವಳ ಸೋದರತ್ತೆ ಫೋನು ಮಾಡಿದಾಗಲೆಲ್ಲ "ಕಳ್ಸಿ, ಕಳ್ಸಿ" ಎನ್ನುತ್ತಿದ್ದಳು. ಮುಂಬೈಗೆ ಹೋದವರು ವರ್ಷಕ್ಕೊಮ್ಮೆ ಬರುವುದನ್ನು ಕಂಡವಳು ನಾನು. ನನಗೆ ದಿನಾ ಬೇಕು.

ಆ ದಿನ ಮೇಸ್ಟ್ರ ಮನೆಯ ಅಂಗಳದಲ್ಲಿ ಬಂಗುಡೆ ಸುತ್ತಲು ಹಳೆ ಪೇಪರಿನ ಹಾಳೆ ತೆಗೆದೆ. ಮೂಲೆಯಲ್ಲಿ ಒಂದು ಗುರುತು. ನೋಡಿದ್ದೇ ಗುರುತು! ಮೊಮ್ಮಗಳ ಕೊರಳ ಪಟ್ಟಿಯ ಮೇಲೆ ಇದ್ದದ್ದು ಅದೇ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದಬಲ್ಲೆ, ಒತ್ತಕ್ಷರ ಬಂದರೆ ಮಾತ್ರ ಅಲ್ಲಿ ನಿಂತು ಉಸಿರು ಬಿಟ್ಟು ಮುಂದೆ ಹೋಗಬೇಕು. ಮೀನು ಒಂದು ಕೈಯಲ್ಲಿ, ಹಾಳೆ ಇನ್ನೊಂದು ಕೈಯಲ್ಲಿ ಹಿಡಿದು ಕೂತುಬಿಟ್ಟೆ.

"ಎಂತ ಮಾರಾಯ್ತಿ, ಮೀನ್ ಕೊಡ್ತ್ಯಾ, ಪೇಪರ್ ಓದ್ತ್ಯಾ?" ಮೇಸ್ಟ್ರ ಹೆಂಡತಿ ಪಾತ್ರೆ ಹಿಡಿದು ನಿಂತಿದ್ದರು.

"ಒಂಚೂರ್ ನಿಲ್ಲಿ ಅಮ್ಮ. ಇದ್ ನಮ್ ಹೆಣ್ಣಿನ ಕಂಪ್ನಿ ಸುದ್ದಿ."

"ಮೀನ್ ಸುತ್ತು ಪೇಪರಂಗೆ ಹೊಸ ಸುದ್ದಿ ಇರತ್ತಾ? ಬೆಕ್ ಬಂತ್ ಕಾಣ್!"

ಬೆಕ್ಕು ಒಂದು ಬಂಗುಡೆ ಕಚ್ಚಿಕೊಂಡು ಹೋಗಿಯೇ ಬಿಟ್ಟಿತು. ಹೋಗಲಿ ಎಂದೆ. ಹಾಳೆಯನ್ನು ಅವರಿಗೆ ಕೊಟ್ಟು ಓದಿಸಿದೆ. ಕಂಪೆನಿಯ ವರ್ಷದ ಲೆಕ್ಕ ಹೊರಬಂದಿದೆಯಂತೆ. ಆದಾಯ ಹೆಚ್ಚಾಗಿದೆಯಂತೆ. ಆದರೆ ಲಾಭ ಕಡಿಮೆಯಂತೆ. ಯಾಕೆಂದರೆ ಪುನರ್ರಚನೆಗೆ ತುಂಬಾ ಖರ್ಚಾಗಿದೆಯಂತೆ.

"ಪುನರ್ರಚನೆ ಅಂದ್ರೆ ಎಂತ ಅಮ್ಮ?"

"ಪುನಃ ಅಂದ್ರೆ ಮತ್ತೆ. ರಚನೆ ಅಂದ್ರೆ ಕಟ್ಟುದ್. ಮತ್ತೊಂದ್ಸಲ ಕಟ್ಟುದ್. ಹೊಸ ಬಿಲ್ಡಿಂಗ್ ಮಾಡ್ತ್ರ್ ಆಯ್ಕ್, ನಿಂಗೆಂತ? ಆ ಬೆಕ್ ತಿಂದ ಮೀನ್ ನನ್ ಲೆಕ್ಕಕ್ಕೆ ಹಾಕ್ಬೇಡ."

ಬಿಲ್ಡಿಂಗ್! ನನಗೆ ಖುಷಿಯೋ ಖುಷಿ. ಕಂಪೆನಿ ಹೊಸ ಕಟ್ಟಡ ಕಟ್ಟಿಸುತ್ತದೆ ಎಂದಾದರೆ ಇಲ್ಲಿಂದ ಹೋಗುವುದಿಲ್ಲ, ಮೊಮ್ಮಗಳೂ ಹೋಗುವುದಿಲ್ಲ. ಹಾಳೆಯನ್ನು ಮಡಚಿ ಸೆರಗಿಗೆ ಸಿಕ್ಕಿಸಿ ಮೆಟ್ಟಿಲ ಬಳಿ ಬಂದು ಕೂತೆ. ಕೂತು ಸುತ್ತಲೂ ನೋಡಿದೆ. ಅಲ್ಲಿಂದಲೇ ನನ್ನ ಖುಷಿ ಸೋರಲು ಶುರುವಾಯಿತು.

ಕಟ್ಟುವುದಾದರೆ ಕೆಂಪು ಕಲ್ಲು ಬರಬೇಕು. ಹೊಯ್ಗೆ ಬರಬೇಕು, ನಮ್ಮ ಕಡೆ ಮರಳಿಗೆ ಹಾಗೆನ್ನುತ್ತೇವೆ. ಸಿಮೆಂಟು ಇಳಿಯಬೇಕು. ಆಗ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು, ರಸ್ತೆಯ ಎರಡೂ ಕಡೆ ಕಲ್ಲು ಜಲ್ಲಿ ರಾಶಿ. ಆದರೆ ಅದು ರಸ್ತೆಯವರದು. ನಮ್ಮ ಕಟ್ಟಡದ ಮುಂದೆ ಒಂದು ಕಲ್ಲಿಲ್ಲ. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಮೀನು ಮಾರುತ್ತಾ ನೋಡಿದೆ, ಮಾರಿ ಮುಗಿದ ಮೇಲೂ ಖಾಲಿ ಬುಟ್ಟಿ ಇಟ್ಟುಕೊಂಡು ಕೂತು ನೋಡಿದೆ. ಬರುವ ವಸ್ತು ಒಂದೂ ಇಲ್ಲ. ಹೋಗುವ ವಸ್ತು ಮಾತ್ರ ಇತ್ತು. ಒಂದು ದಿನ ಎರಡು ಎ.ಸಿ. ಪೆಟ್ಟಿಗೆ ಕೆಳಗಿಳಿದವು. ಇನ್ನೊಂದು ದಿನ ಆರು ಕುರ್ಚಿ ಟೆಂಪೋ ಹತ್ತಿದವು, ತಿರುಗುವ ಕುರ್ಚಿಗಳೇ. ಕುಡಿಯುವ ನೀರಿನ ಕ್ಯಾನು ಮೊದಲು ಐದು ಮೇಲೆ ಹೋಗುತ್ತಿತ್ತು, ಈಗ ಮೂರು.

ಖರ್ಚು ಬರೆಯುವುದು ಕಟ್ಟುವುದಕ್ಕೆ, ಸಾಮಾನು ಹೋಗುವುದು ಹೊರಗೆ. ನನಗೆ ಸೀದಾ ಮ್ಯಾನೇಜರ ಮೇಲೆ ಅನುಮಾನ ಬಂತು. ಮೈಸೂರು ಕಡೆಯ ಯುವಕ. ಬಿಳಿ ಕಾರು. ಎರಡು ವರ್ಷದಲ್ಲಿ ನನ್ನ ಹತ್ತಿರ ಒಂದೇ ಒಂದು ಮೀನು ತೆಗೆದುಕೊಂಡವರಲ್ಲ. ಕಂಪೆನಿ ಕೊಟ್ಟ ಕಟ್ಟಡದ ದುಡ್ಡನ್ನು ನುಂಗಿ, ಮೇಲಿಂದ ಕುರ್ಚಿಯನ್ನೂ ಮಾರುತ್ತಿದ್ದಾರೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಮನಸ್ಸಿನಲ್ಲಿ ಇಟ್ಟುಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆಮ್ಮಾಡಿಯ ಅರ್ಧ ಊರಿಗೆ ಹೇಳಿದೆ.

ಒಂದು ಬೆಳಿಗ್ಗೆ ಅವರು ಕಾರಿನಿಂದ ಇಳಿದದ್ದೇ ನಾನು ಕೂಗಿದೆ.

"ಹ್ವಾಯ್, ಇಲ್ ಕಾಣಿ. ಕಟ್ಟುಕೆ ಯಾವಾಗ ಶುರು ಮಾಡ್ತ್ರಿ?"

"ಏನ್ ಕಟ್ಟೋದಜ್ಜಿ?"

"ಪುನರ್ರಚನೆ! ಪೇಪರಂಗೆ ಬಂದಿತ್ತಲೆ. ದುಡ್ ಖರ್ಚಾಯ್ತ್ ಅಂಬ್ರ್. ಒಂದ್ ಬುಟ್ಟಿ ಹೊಯ್ಗೆ ಬರ್ಲಿಲ್ಲ."

ಅವರು ನಕ್ಕರು. "ಅಯ್ಯೋ ಅಜ್ಜಿ, ಅದು ಕಟ್ಟಡ ಅಲ್ಲ. ಜನರನ್ನ, ಕೆಲಸಗಳನ್ನ ಬೇರೆ ಥರ ಹೊಂದಿಸಿಕೊಳ್ಳೋದು. ಅದಕ್ಕೆ ಪುನರ್ರಚನೆ ಅಂತಾರೆ."

"ಜನ್ರನ್ ಹೊಂದ್ಸುಕೆ ದುಡ್ ಎಂತಕ್ಕೆ? ಆಚಿಗ್ ಕೂತವ್ರನ್ನ ಈಚಿಗ್ ಕೂರ್ಸುದ್ ಅಲ್ದಾ?"

ಅವರ ನಗು ನಿಂತಿತು. ಫೋನು ಬಾರದಿದ್ದರೂ ಫೋನು ತೆಗೆದು ಕಿವಿಗೆ ಹಿಡಿದು ಮೆಟ್ಟಿಲು ಹತ್ತಿದರು. ಬಂದರಿನಲ್ಲಿ ನಾನು ಈ ಮುಖವನ್ನು ಎಷ್ಟೋ ಸಲ ಕಂಡಿದ್ದೆ. ಐಸಿನ ಅಡಿಯಲ್ಲಿ ನಿನ್ನೆಯ ಮೀನು ಇಟ್ಟವನನ್ನು "ಇವತ್ತಿಂದಾ?" ಎಂದು ಕೇಳಿದಾಗ ಅವನ ಮುಖ ಹೀಗೇ ಆಗುತ್ತದೆ.

ಆ ಶನಿವಾರ ಕುಂದಾಪುರದ ಸಂತೆಯಲ್ಲಿ ಒಣಮೀನು ಮಾರುವ ಒಬ್ಬಳು ಸಿಕ್ಕಿದಳು. ಹಳೆಯ ಪರಿಚಯ. ಅವಳ ಸೊಸೆ ಇದೇ ಕಂಪೆನಿಯ ಬ್ರಹ್ಮಾವರದ ಆಫೀಸಿನಲ್ಲಿ ಇದ್ದವಳು. ಸೊಸೆ ಹೇಗಿದ್ದಾಳೆ ಎಂದು ಕೇಳಿದೆ.

"ಮನೆಯಂಗೆ ಇತ್ತ್. ಅಲ್ಲಿ ಬಾಗಿಲ್ ಹಾಕ್ರ್ ಅಲ್ದಾ?"

"ಬಾಗಿಲ್ ಹಾಕ್ರಾ? ಯಾವಾಗ?"

"ಒಂದ್ ತಿಂಗ್ಳಾಯ್ತ್. ಎಲ್ಲರ್ ಹತ್ರವೂ ಒಂದ್ ಕಾಗದಕ್ಕೆ ಸೈನ್ ಹಾಕ್ಸ್ಕಂಡ್ರ್. ನಾನೇ ಇಷ್ಟಪಟ್ಟ್ ಕೆಲಸ ಬಿಡ್ತಿದ್ದೆ ಅಂದೇಳಿ."

"ನಿನ್ ಸೊಸಿ ಇಷ್ಟಪಟ್ಟ್ ಬಿಟ್ಟದ್ದಾ?"

"ಅವ್ಳ್ ಎರಡ್ ದಿನ ಊಟ ಮಾಡ್ಲಿಲ್ಲ. ಇಷ್ಟ ಎಂತದ್ ಮಣ್ಣ್!"

"ಎಷ್ಟ್ ಜನ ಇದ್ದಿದ್ರ್?"

"ಮೂವತ್ತ್ ಜನ."

"ಮೂವತ್ತ್ ಜನಕ್ಕೂ ಒಂದೇ ದಿನ ಇಷ್ಟ ಬಂತಾ?" ಎಂದೆ. ಅವಳು ಬಾಯಿ ಮೇಲೆ ಸೆರಗು ಇಟ್ಟು ನಕ್ಕಳು. ಕೈಗೆ ಏನಾದರೂ ಕೊಟ್ಟರಾ ಎಂದು ಕೇಳಿದೆ. ಆ ತಿಂಗಳ ಸಂಬಳ ಮತ್ತು ಒಂದು ಒಳ್ಳೆಯ ಸರ್ಟಿಫಿಕೇಟು ಎಂದಳು.

ಮನೆಗೆ ಬಂದ ಮೇಲೂ ಮೊಮ್ಮಗಳ ಹತ್ತಿರ ಕೇಳಲು ಧೈರ್ಯ ಬರಲಿಲ್ಲ. ಮರುದಿನ ಭಾನುವಾರ ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ನಾನು ಬೈಗೆ ಎಂಬ ಸಣ್ಣ ಮೀನನ್ನು ಕೊಯ್ದು ಶುಚಿ ಮಾಡುತ್ತಿದ್ದಾಗ ಅವಳೇ ಬಂದು ಪಕ್ಕದಲ್ಲಿ ಕೂತಳು.

"ಅಮ್ಮಮ್ಮ, ನಾನ್ ಮುಂಬೈಗೆ ಹೋರೆ ನೀನ್ ಮರ್ಕ್ತ್ಯಾ, ಕಣ್ಣಂಗೆ ನೀರ್ ಹಾಕ್ತ್ಯಾ?"

ನಾನು ಕತ್ತಿ ಕೆಳಗಿಟ್ಟೆ. "ಕಾಗದ ಕೊಟ್ರಾ?"

ಅವಳ ಕಣ್ಣು ಅಗಲವಾಯಿತು. "ನಿಂಗ್ ಹ್ಯಾಂಗ್ ಗೊತ್ತ್?"

ಶುಕ್ರವಾರವೇ ಕೊಟ್ಟಿದ್ದರಂತೆ. ಬುಧವಾರದೊಳಗೆ ಸಹಿ ಹಾಕಿ ಕೊಡಬೇಕು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದದ್ದು. ಸಹಿ ಹಾಕಿದರೆ ಒಳ್ಳೆಯ ಸರ್ಟಿಫಿಕೇಟು, ಹಾಕದಿದ್ದರೆ ಮುಂದೆ ಎಲ್ಲಿಯೂ ಕೆಲಸ ಸಿಗುವುದು ಕಷ್ಟ ಎಂದು ಮೇಲಿನವರು ಫೋನಿನಲ್ಲಿ ಹೇಳಿದ್ದರಂತೆ. ಎಲ್ಲರೂ ಹಾಕುವವರೇ. ಇವಳೂ ಹಾಕುವವಳೇ.

"ಕಂಪ್ನಿಗ್ ಲಾಸಾ?" ಎಂದು ಕೇಳಿದೆ.

"ಲಾಸಲ್ಲ ಅಮ್ಮಮ್ಮ, ಲಾಭವೇ. ಕಡಿಮಿ ಲಾಭ."

"ಅವ್ರ್ ವರ್ಷದ ಲೆಕ್ಕ ನಿನ್ ಫೋನಂಗೆ ಸಿಕ್ಕತ್ತಾ?"

ಸಿಕ್ಕಿತು. ಅಷ್ಟು ದೊಡ್ಡ ಕಂಪೆನಿ ತನ್ನ ಲೆಕ್ಕವನ್ನು ಯಾರು ಬೇಕಾದರೂ ನೋಡಲಿ ಎಂದು ಹೊರಗೇ ಇಟ್ಟಿರುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಮೊದಲಿಗೆ ನಗುವ ಮುಖಗಳ ಫೋಟೋ. ಆಮೇಲೆ ಮರ, ಸೂರ್ಯ, ಹಾರುವ ಹಕ್ಕಿ. ನಾನು ಹಕ್ಕಿ ಬೇಡ, ಖರ್ಚು ಓದು ಎಂದೆ. ಎಲ್ಲ ಇಂಗ್ಲಿಷು. ಅವಳು ಓದಿ ಓದಿ ನನಗೆ ನಮ್ಮ ಭಾಷೆಯಲ್ಲಿ ಹೇಳಿದಳು. ಬಿ.ಕಾಂ. ಓದಿದ ಹುಡುಗಿಯಲ್ಲವೇ, ಬೆರಳು ಎಲ್ಲಿ ಇಡಬೇಕು ಎಂದು ಗೊತ್ತಿತ್ತು. ಈ ಪುನರ್ರಚನೆ ಖರ್ಚು ಒಂದೇ ಸಲದ್ದು, ಮತ್ತೆ ಮತ್ತೆ ಬರುವುದಲ್ಲ ಎಂದು ಬರೆದಿತ್ತಂತೆ.

"ಹೋದ ವರ್ಷದ್ ಕಾಣ್."

ಹೋದ ವರ್ಷವೂ ಅದೇ ಖರ್ಚಿತ್ತು. ಒಂದೇ ಸಲದ್ದು ಎಂದೇ ಬರೆದಿತ್ತು.

"ಅದ್ರ್ ಹಿಂದಿನ್ ವರ್ಷ?"

ಆಗಲೂ ಇತ್ತು. ಮೊಮ್ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನನಗೆ ನಗು ಬಂತು, ಅವಳಿಗೂ ಬಂತು. ಮೂರು ವರ್ಷ ಸಾಲಾಗಿ ಒಂದೇ ಸಲ!

ಇಲ್ಲಿ ನಮ್ಮ ಬೋಟಿನವರ ಒಂದು ಪದ್ಧತಿ ಹೇಳಬೇಕು. ಮೀನು ಮಾರಿದ ದುಡ್ಡು ಬಂದರೆ ಮೊದಲು ಅದರಿಂದ ಖರ್ಚು ಕಳೆಯುತ್ತಾರೆ. ಡೀಸೆಲ್, ಐಸು, ಅಕ್ಕಿ, ಬಲೆ. ಉಳಿದದ್ದರಲ್ಲಿ ಬೋಟಿಗೊಂದು ಪಾಲು, ದುಡಿದವರಿಗೊಂದು ಪಾಲು. ಮಳೆಗಾಲಕ್ಕೆ ಮುಂಚೆ ಬೋಟು ಮೇಲೆ ಹಾಕುವ ದಿನ ಯಜಮಾನರು ಎಲ್ಲರನ್ನೂ ಕೂರಿಸಿ ವರ್ಷದ ಖರ್ಚು ಓದುತ್ತಾರೆ. ಹೊಸ ಬಲೆಯ ಖರ್ಚು ಓದಿದ ಕೂಡಲೇ ಕೂತವರಲ್ಲಿ ಒಬ್ಬರು "ಬಲಿ ತೋರ್ಸಿ" ಎನ್ನಬೇಕು. ಆಗ ಆ ಬಲೆಯನ್ನು ತಂದು ಎಲ್ಲರ ಎದುರು ಹರಡಬೇಕು. ಅದು ಜಗಳವಲ್ಲ, ರೂಢಿ. ಮೊಮ್ಮಗಳು ಹುಟ್ಟಿದ ವರ್ಷ ನಮ್ಮ ಮನೆಯವರು ಹಾಗೆ ಕೇಳಿದಾಗ ಹರಡಲು ಬಲೆಯೇ ಇರಲಿಲ್ಲ. ಬಲೆ ಇಲ್ಲದಿದ್ದರೆ ಆ ಖರ್ಚು ವಾಪಸ್ ಪಾಲಿಗೆ ಸೇರಬೇಕು. ಸೇರಿತು. ಆ ದುಡ್ಡಿನಲ್ಲೇ ಮಗುವಿಗೆ ತೊಟ್ಟಿಲು ಬಂದದ್ದು.

ನಾನು ಮೊಮ್ಮಗಳಿಗೆ ಕೇಳಿದೆ. "ಈ ಖರ್ಚಂಗೆ ಎಂತೆಂತ ಸೇರಿತ್ ಅಂದೇಳಿ ಬರ್ದಿದ್ರಾ?"

ಅವಳು ಇನ್ನಷ್ಟು ಕೆಳಗೆ ಹೋದಳು. ಕಚೇರಿ ಮುಚ್ಚುವ ಖರ್ಚು. ಕೆಲಸದಿಂದ ತೆಗೆದವರಿಗೆ ಕೊಡುವ ಪರಿಹಾರ.

"ಪರಿಹಾರ!" ಎಂದೆ. "ಅದನ್ ಲಾಭದಿಂದ ಕಳ್ದ್ ಆಯ್ತಾ?"

"ಆಯ್ತ್ ಅಮ್ಮಮ್ಮ. ಕಳ್ದೇ ಲಾಭ ಕಡಿಮಿ ಆದ್ದ್."

"ಹಂಗಾರೆ ಆ ದುಡ್ ಕೊಡುಕೆ ಅಂದೇಳಿ ತೆಗ್ದಿಟ್ಟಾಯ್ತ್. ನಿನ್ನನ್ ಅವ್ರ್ ತೆಗ್ದ್ರೆ ಅದ್ ನಿಂಗ್ ಬಪ್ಪುದ್. ನೀನೇ ಇಷ್ಟಪಟ್ಟ್ ಬಿಟ್ಟದ್ದ್ ಅಂದ್ ಬರ್ದ್ ಕೊಟ್ರೆ?"

ಕಾಗೆ ಬಂದು ಒಂದು ಬೈಗೆ ಎತ್ತಿಕೊಂಡು ಹೋಯಿತು, ಇಬ್ಬರಿಗೂ ಓಡಿಸಬೇಕೆಂದು ತೋಚಲಿಲ್ಲ. ಆಮೇಲೆ ಅವಳು "ಬಿಟ್ಟವ್ರಿಗೆ ಇಲ್ಲೆ. ತೆಗ್ದವ್ರಿಗ್ ಮಾತ್ರ" ಎಂದಳು. ಎದ್ದು ಒಳಗೆ ಹೋಗಿ ಗೆಳತಿಯರಿಗೆ ಫೋನು ಹಚ್ಚಿದಳು. ಒಂದಾದ ಮೇಲೆ ಒಂದು, ಸಂಜೆಯವರೆಗೆ. ಅವಳ ದನಿ ಕೇಳುತ್ತಾ ನಾನು ಮೀನಿಗೆ ಎರಡು ಸಲ ಉಪ್ಪು ಹಾಕಿದೆ. ರಾತ್ರಿ ಊಟಕ್ಕೆ ಕೂತಾಗ ಮಗಳು ಬೈದಳು.

ಬುಧವಾರ ನಾನು ಬುಟ್ಟಿಯನ್ನು ಕೆಳಗಿನ ಟೈಲರ ಅಂಗಡಿಯಲ್ಲಿಟ್ಟು ಆ ಮೆಟ್ಟಿಲು ಹತ್ತಿದೆ. ಎರಡು ವರ್ಷ ಕೆಳಗೆ ಕೂತಿದ್ದೆ, ಹತ್ತಿದ್ದು ಅದೇ ಮೊದಲು. ಗಾಜಿನ ಬಾಗಿಲು ತೆರೆದೇ ಇತ್ತು, ಎ.ಸಿ. ತೆಗೆದಿದ್ದರಲ್ಲ. ಹದಿನೆಂಟು ಇಪ್ಪತ್ತು ಹುಡುಗ ಹುಡುಗಿಯರು, ಎಲ್ಲರ ಕೈಯಲ್ಲೂ ಕಾಗದ. ಮ್ಯಾನೇಜರು ಮೇಜಿನ ಹಿಂದೆ.

"ಅಜ್ಜಿ, ಹೊರಗಿನವರು ಬರೋ ಹಾಗಿಲ್ಲ ಇಲ್ಲಿ."

"ನಾನ್ ಹೊರ್ಗೇ ಇದ್ದೆ. ಹೊಸ್ತಿಲ್ ದಾಟಿದ್ನಾ, ಕಾಣಿ."

ಯಾರೋ ಕಿಸಕ್ಕೆಂದರು. ಮೊಮ್ಮಗಳು ನಗಲಿಲ್ಲ. ಎದ್ದು ನಿಂತಳು. ಆಫೀಸಿನ ಕನ್ನಡದಲ್ಲಿ ಮಾತಾಡಿದಳು, ಅದು ಅವಳ ಬಾಯಲ್ಲಿ ಎಷ್ಟು ಚಂದ ಎಂದು ನಾನು ಕೇಳಿದ್ದೂ ಆವತ್ತೇ.

"ಸರ್, ಕಂಪೆನಿಯ ವರ್ಷದ ವರದಿ ನೋಡಿದ್ವಿ. ಕೆಲಸದಿಂದ ತೆಗೆದವರ ಪರಿಹಾರಕ್ಕೆ ಅಂತ ದುಡ್ಡು ಖರ್ಚು ತೋರಿಸಿದ್ದಾರೆ. ನಾವೇ ಬಿಟ್ಟಿದ್ದು ಅಂತ ಸಹಿ ಹಾಕಿದ್ರೆ ಅದರಲ್ಲಿ ನಮಗೆ ಏನಾದ್ರೂ ಬರತ್ತಾ?"

"ಅದು... ಬೇರೆ ದೇಶದವರಿಗೆ ಇರಬಹುದು."

"ಇರಬಹುದಾ ಸರ್, ಇದೆಯಾ? ನಮಗಿಲ್ಲ ಅಂತ ಎಲ್ಲಾದ್ರೂ ಬರೆದಿದ್ರೆ ತೋರಿಸಿ. ನೋಡಿ ಸಹಿ ಹಾಕ್ತೇವೆ."

ತೋರಿಸಿ ಎಂದಳು! ಬಾಗಿಲಲ್ಲಿ ನಿಂತಿದ್ದ ನನಗೆ ಕಣ್ಣು ಮಂಜಾಯಿತು. ಅಜ್ಜನನ್ನು ಅವಳು ಸರಿಯಾಗಿ ಕಂಡವಳೂ ಅಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. ನೋಡುತ್ತಾ ನೋಡುತ್ತಾ ಇನ್ನೊಬ್ಬಳು ಹಾಕಿದಳು.

ಮ್ಯಾನೇಜರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಫೋನಿನಲ್ಲಿ ಇಂಗ್ಲಿಷು. ಈ ಮನುಷ್ಯ ಈಗ ಪೊಲೀಸರನ್ನು ಕರೆಸುತ್ತಾನೋ, ಇನ್ನೊಂದು ಕಾಗದ ತರುತ್ತಾನೋ ಎಂದು ನಾನು ಆ ಬಾಗಿಲಿಗೇ ಕಣ್ಣಿಟ್ಟು ನಿಂತೆ. ಅವರು ಹೊರಗೆ ಬಂದು ಕುರ್ಚಿಯ ಮೇಲೆ ಕುಸಿದ ಹಾಗೆ ಕೂತರು.

"ನೀವು ಯಾರೂ ಇವತ್ತು ಸಹಿ ಹಾಕಬೇಡಿ," ಎಂದರು. ಆಮೇಲೆ ಮೇಜು ನೋಡುತ್ತಾ, "ನಾನು ಹೋದ ವಾರವೇ ಹಾಕಿಬಿಟ್ಟಿದ್ದೀನಿ" ಎಂದರು.

ಊರೆಲ್ಲ ಅವರನ್ನು ಕಳ್ಳ ಮಾಡಿ ತಿರುಗಿದವಳು ನಾನು. ನನಗೆ ಆ ಹೊಸ್ತಿಲಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. "ನೀವೂ ಕೇಣಿ," ಎಂದೆ. "ಇವ್ರೊಟ್ಟಿಗೆ ನಿಮ್ದೂ ಕೇಣಿ. ಸೈನ್ ಹಾಕ್ಸ್ಕಂಡವ್ರ್ ಹತ್ರವೇ ಕೇಣ್ಕ್." ಅವರು ತಲೆಯಾಡಿಸಿದರು.

ಆಮೇಲೆ ಎಲ್ಲರೂ ಸೇರಿ ಒಂದು ಮೇಲ್ ಬರೆದರು. ಬರೆದದ್ದು ನನ್ನ ಮೊಮ್ಮಗಳು. ಮೂರು ವಾರ ಉತ್ತರವಿಲ್ಲ. ಆ ಮೂರು ವಾರ ನಾನು ಯಾರನ್ನೂ ನಂಬಲಿಲ್ಲ. ಟೆಂಪೋ ನಿಂತರೆ ಎದ್ದು ಹೋಗಿ ಒಳಗೆ ಇಣುಕಿದೆ. ಮುಂಬೈಯ ಸೋದರತ್ತೆ ಫೋನು ಮಾಡಿದರೆ ಅವಳಿಗೆ ಯಾರು ಹೇಳಿದ್ದು ಎಂದು ಮಗಳ ಮೇಲೆ ಹರಿಹಾಯ್ದೆ. ಕಡೆಗೆ ಒಂದು ಸೋಮವಾರ ಮೊಮ್ಮಗಳು ಮೆಟ್ಟಿಲ ಮೇಲಿಂದಲೇ "ಅಮ್ಮಮ್ಮಾ" ಎಂದು ಕೂಗಿದಳು. ಹೊಸ ಕಾಗದ ಬಂದಿತ್ತು. ಕಂಪೆನಿಯೇ ಇವರನ್ನು ಕೆಲಸದಿಂದ ಬಿಡಿಸುತ್ತಿದೆ, ಅದಕ್ಕಾಗಿ ಆರು ತಿಂಗಳ ಸಂಬಳ ಕೊಡುತ್ತದೆ. ಕೆಲಸ ಹೋದದ್ದಕ್ಕೆ ಬೀದಿಯಲ್ಲಿ ನಿಂತು ಕುಣಿದ ಮುದುಕಿ ಹೆಮ್ಮಾಡಿಯಲ್ಲಿ ನಾನೊಬ್ಬಳೇ ಇರಬೇಕು.

ಬ್ರಹ್ಮಾವರದವರ ಕಥೆ ಬೇರೆ. ಸಹಿ ಹಾಕಿದವರು ತಾವೂ ಬರೆದು ಕೇಳಿದರು. ಅವರಿಗೆ ಎರಡು ತಿಂಗಳದ್ದು ಮಾತ್ರ ಸಿಕ್ಕಿತು ಎಂದು ಒಣಮೀನಿನವಳು ಹೇಳಿದಳು. ಮ್ಯಾನೇಜರಿಗೆ ಎಷ್ಟು ಸಿಕ್ಕಿತೋ, ಸಿಕ್ಕಿತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಕೊನೆಯ ದಿನ ಕೆಳಗಿಳಿದು ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತು, "ಅಜ್ಜಿ, ಒಳ್ಳೇದು ಯಾವುದು?" ಎಂದು ಕೇಳಿದರು. ಅಂಜಲ್ ಕೊಟ್ಟೆ. ದುಡ್ಡು ಬೇಡ ಎಂದರೂ ಇಟ್ಟು ಹೋದರು.

ಕಾಗದ ಬಂದ ಮಾತ್ರಕ್ಕೆ ದುಡ್ಡು ಬಂತು ಎನ್ನಲು ಆಗುತ್ತದೆಯೇ? ನಾನು ಮೊಮ್ಮಗಳನ್ನು ಮೂರು ಸಲ ಬ್ಯಾಂಕಿಗೆ ಕರೆದುಕೊಂಡು ಹೋದೆ. ಫೋನಿನಲ್ಲಿ ತೋರಿಸುತ್ತದೆ ಎಂದು ಅವಳು ಹೇಳಿದರೂ ಕೇಳಲಿಲ್ಲ. ಮೂರನೇ ಸಲ ಪಾಸ್‌ಬುಕ್ ಯಂತ್ರದೊಳಗೆ ಹೋಗಿ, ಕರಕರ ಎಂದು ಸದ್ದು ಮಾಡಿ, ಸಾಲು ಹೊತ್ತು ಹೊರಗೆ ಬಂತು. ಆಗ ನಂಬಿದೆ.

ಆ ಆರು ತಿಂಗಳ ಸಂಬಳ ನಮಗೆ ಕೊಟ್ಟದ್ದು ಪುರುಸೊತ್ತು. ಮುಂಬೈ ಬಸ್ಸು ಹತ್ತುವ ಗಡಿಬಿಡಿ ಇಲ್ಲವಾಯಿತು. ಮೊಮ್ಮಗಳು ಕುಂದಾಪುರದಲ್ಲಿ ಲೆಕ್ಕ ಬರೆಯುವ ಒಂದು ಕೋರ್ಸಿಗೆ ಸೇರಿದಳು, ಹತ್ತು ಕಡೆ ಅರ್ಜಿ ಹಾಕಿದಳು. ನಾಲ್ಕನೇ ತಿಂಗಳಿಗೆ ಬೈಂದೂರಿನ ಒಂದು ಐಸ್ ಪ್ಲಾಂಟಿನಿಂದ ಕರೆ ಬಂತು. ಸಂಬಳ ಮೊದಲಿಗಿಂತ ಸ್ವಲ್ಪ ಕಡಿಮೆ. ಆದರೆ ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮನೆ.

ಮೊದಲ ದಿನ ನಾನೂ ಜೊತೆಗೆ ಹೊರಟೆ. "ಬ್ಯಾಡ ಅಮ್ಮಮ್ಮ, ಕಂಡವ್ರ್ ನೆಗ್ಯಾಡ್ತ್ರ್" ಎಂದಳು. ನಗಲಿ ಎಂದೆ. ಐಸಿನವರನ್ನು ನಾನು ನಲವತ್ತು ವರ್ಷದಿಂದ ಬಲ್ಲೆ, ಒಳಗೆ ಟೊಳ್ಳಿರುವ ಐಸನ್ನು ಗಟ್ಟಿ ಎಂದು ಮಾರುವವರೂ ಇದ್ದಾರೆ. ಹೋಗಿ ಕಟ್ಟಡ ನೋಡಿದೆ, ಯಂತ್ರ ನೋಡಿದೆ, ಒಂದು ಐಸಿನ ಗಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದೆ. ಯಜಮಾನರು ನನ್ನದೇ ವಯಸ್ಸಿನವರು, ಲುಂಗಿ ಉಟ್ಟುಕೊಂಡು ಗೇಟಿನ ಬಳಿ ನಿಂತಿದ್ದರು.

"ಎಂತ ಅಕ್ಕ, ಐಸ್ ಗಟ್ಟಿ ಇತ್ತಾ?"

"ಐಸ್ ಅಡ್ಡಿಲ್ಲೆ," ಎಂದೆ. "ಹ್ವಾಯ್, ಒಂದ್ ಕೇಂತೆ, ಸಿಟ್ಟ್ ಮಾಡ್ಕಣ್ಬೇಡಿ. ನಿಮ್ಮಲ್ ವರ್ಷದ ಲೆಕ್ಕ, ಖರ್ಚ್, ಲಾಭ, ಇದೆಲ್ಲ ಯಾರ್ ಬರೆಯೂದ್?"

ಅವರು ಮೊಮ್ಮಗಳ ಕಡೆ ಬೆರಳು ತೋರಿಸಿದರು.

"ಇನ್ಮೇಲೆ ಇವ್ಳೇ ಬರೆಯೂದ್. ಅದ್ಕೇ ತಕಂಡದ್. ನಿಮ್ಗ್ ಅನುಮಾನ ಇದ್ರೆ ಇವ್ಳನ್ನೇ ಕೇಣಿ."